ಅದಿರು ಇಳಿದ ದಾರಿ, ಜನ ಏರುವ ದಾರಿ

ಕಾರ್ಕಳದಿಂದ ಹೊರಟು ಬಜಗೋಳಿ, ಮಾಳ ದಾಟುತ್ತಿದ್ದಂತೆ ಅಡಕೆ ತೋಟಗಳು ವಿರಳವಾಗಿ ಕಾಡು ರಸ್ತೆಯ ಎರಡೂ ಅಂಚಿಗೆ ಬಂದು ನಿಲ್ಲುತ್ತದೆ. ಘಾಟಿ ಏರಿ ಎಸ್.ಕೆ. ಬಾರ್ಡರ್ ತಲುಪಿದರೆ ದಾರಿ ಕವಲೊಡೆಯುತ್ತದೆ. ಒಂದು ಕೆರೆಕಟ್ಟೆಯ ಮೇಲೆ ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೇಲೆ ಸಂಸೆ, ಕಳಸಕ್ಕೆ. ಕುದುರೆಮುಖದ ಕವಲಿನಲ್ಲಿ ಹನುಮನಗುಂಡಿ, ಕಡಾಂಬಿ ಜಲಪಾತಗಳು ಸಿಗುತ್ತವೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮವಾದ ಗಂಗಾಮೂಲ ಇಲ್ಲಿಗೆ ಸಮೀಪ. ಕಣಿವೆಗಳ ಮಡಿಕೆಯಲ್ಲಿ ಶೋಲಾ ಕಾಡು, ಬೆಟ್ಟದ ಬೆನ್ನಿನ ಮೇಲೆ ಹುಲ್ಲು. ಮುಂಗಾರು ಕಳೆದ ತಿಂಗಳುಗಳಲ್ಲಿ ಈ ಎರಡು ಹಸಿರುಗಳ ನಡುವಿನ ಗೆರೆ ಕೈಯಲ್ಲಿ ಎಳೆದಷ್ಟು ಸ್ಪಷ್ಟ. ಕರ್ನಾಟಕದ ಅತ್ಯಂತ ಚೆಲುವಾದ ಘಟ್ಟದ ರಸ್ತೆಗಳನ್ನು ಹೆಸರಿಸುವವರು ಇದನ್ನು ಬಿಡುವುದಿಲ್ಲ. ಆದರೆ ಈ ರಸ್ತೆ ಒಂದು ಗಣಿ ಪಟ್ಟಣದ ಮೂಲಕ ಹಾದುಹೋಗುತ್ತದೆ, ಇದರ ಇಂದಿನ ರೂಪದ ಹಿಂದೆ ಆ ಗಣಿಯ ಲೆಕ್ಕಾಚಾರ ಮತ್ತು ಅದನ್ನು ನಿಲ್ಲಿಸಿದ ಜನರ ಹೋರಾಟ ಎರಡೂ ಇವೆ ಎಂಬುದು ವಾರಾಂತ್ಯದ ಪ್ರಯಾಣಿಕರ ಗಮನಕ್ಕೆ ಬರುವುದೇ ಕಡಿಮೆ. ಕುದುರೆಮುಖದ ಹಸಿರನ್ನು ನಿಸರ್ಗದ ಕೊಡುಗೆ ಎಂದಷ್ಟೇ ಕಂಡರೆ ಅದನ್ನು ಅರ್ಧ ಮಾತ್ರ ಕಂಡಂತೆ. ಅದು ನಾಡು ತೆಗೆದುಕೊಂಡ ಒಂದು ತೀರ್ಮಾನದ ಫಲವೂ ಹೌದು. ಆ ತೀರ್ಮಾನದ ಕಥೆಯನ್ನು ಗಣಿ ಪಟ್ಟಣದಲ್ಲಿಯೇ ಉಳಿಸಿ ಹೇಳುವುದು ಸರ್ಕಾರದ ಹೊಣೆ, ಕೇಳಿಸಿಕೊಳ್ಳುವುದು ಪ್ರಯಾಣಿಕರ ಹೊಣೆ ಎಂಬುದು ಈ ಲೇಖನದ ವಾದ.

ಇಲ್ಲಿನ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿಯೇ ಗುರುತಿಸಿದ್ದರು. ಆದರೆ ಗಣಿ ಶುರುವಾಗಲು ಆರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಕಾರಣ ಅದಿರಿನ ಗುಣದಲ್ಲಿದೆ. ಬಳ್ಳಾರಿ, ಸಂಡೂರಿನ ಹೆಮಟೈಟ್ ಅದಿರನ್ನು ಅಗೆದು ತುಂಬಿಕೊಂಡು ಹೋದರೂ ಕೊಳ್ಳುವವರಿದ್ದಾರೆ. ಕುದುರೆಮುಖದ್ದು ಮ್ಯಾಗ್ನೆಟೈಟ್, ಬೆಣಚುಕಲ್ಲಿನ ಜೊತೆ ಬೆರೆತದ್ದು, ಕಬ್ಬಿಣದ ಅಂಶ ಕಡಿಮೆ. ಅದನ್ನು ಪುಡಿಮಾಡಿ, ನೀರಿನಲ್ಲಿ ತೊಳೆದು, ಕಾಂತದಿಂದ ಬೇರ್ಪಡಿಸಿದರೆ ಮಾತ್ರ ಉಕ್ಕಿನ ಕಾರ್ಖಾನೆಗೆ ಬೇಕಾದ ಸಾಂದ್ರ ಅದಿರು ಸಿಗುತ್ತದೆ. ಅಂದರೆ ಇಲ್ಲಿ ಗಣಿ ಮಾಡಲು ಗುದ್ದಲಿ, ಲಾರಿ ಸಾಲದು. ಬೃಹತ್ ಸ್ಥಾವರ, ಅಪಾರ ನೀರು, ವಿದ್ಯುತ್ತು, ಬಂಡವಾಳ ಬೇಕು. ಆ ಬಂಡವಾಳ ಬರಬೇಕಿದ್ದುದು ಇರಾನಿನಿಂದ. ತೈಲದ ಹಣದಿಂದ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಲು ಹೊರಟಿದ್ದ ಅಲ್ಲಿನ ದೊರೆ ಶಾ ಅವರ ಸರ್ಕಾರ 1975ರಲ್ಲಿ ಭಾರತದೊಂದಿಗೆ ಒಪ್ಪಂದ ಮಾಡಿಕೊಂಡು 63 ಕೋಟಿ ಡಾಲರ್ ಸಾಲ ಕೊಡಲು, ಇಲ್ಲಿನ ಅದಿರನ್ನು ಕೊಳ್ಳಲು ಒಪ್ಪಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಮಲ್ಲೇಶ್ವರ ಎಂಬ ಮಲೆನಾಡಿನ ಪುಟ್ಟ ಊರಿದ್ದ ಜಾಗದಲ್ಲಿ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಅಂಗಡಿಗಳ ಪಟ್ಟಣ ಎದ್ದಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ಆಡಳಿತ ಕುಸಿದಾಗ ಸಾಲದ ಹಣ ಪೂರ್ತಿ ಬರಲಿಲ್ಲ, ಕೊಳ್ಳುವ ಮಾತೂ ಉಳಿಯಲಿಲ್ಲ. ಭಾರತ ಸ್ವಂತ ಹಣದಲ್ಲಿ ಕೆಲಸ ಮುಂದುವರಿಸಿ 1980ರಲ್ಲಿ ಸ್ಥಾವರ ಮುಗಿಸಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡಿತು. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರ ಅದಿರು ತೆಗೆಯುವ ಸಾಮರ್ಥ್ಯ ಅದರದ್ದು. ಇಷ್ಟು ದೊಡ್ಡ ಉದ್ಯಮವನ್ನು ಅಷ್ಟು ಇಕ್ಕಟ್ಟಿನ ಕಾಲದಲ್ಲಿ ಕಟ್ಟಿ ನಿಲ್ಲಿಸಿದ ಎಂಜಿನಿಯರುಗಳ, ಕಾರ್ಮಿಕರ ಸಾಧನೆಯನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಈ ರಸ್ತೆಯ ಚೆಲುವಿಗೂ ಆ ಎಂಜಿನಿಯರಿಂಗ್‌ಗೂ ನೇರ ಸಂಬಂಧವಿದೆ. ಕುದುರೆಮುಖದ ಅದಿರು ರಸ್ತೆಯ ಮೇಲೆ ಇಳಿಯಲೇ ಇಲ್ಲ. ನುಣ್ಣಗೆ ಅರೆದ ಅದಿರನ್ನು ನೀರಿನೊಂದಿಗೆ ಬೆರೆಸಿ ಸ್ಲರಿ ಮಾಡಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಹರಿಸಲಾಗುತ್ತಿತ್ತು. ಘಟ್ಟದ ಎತ್ತರವೇ ಅದಕ್ಕೆ ಓಟ ಕೊಡುತ್ತಿತ್ತು. ಬಂದರಿನಲ್ಲಿ ನೀರು ಬಸಿದು ಹಡಗಿಗೆ ತುಂಬುತ್ತಿದ್ದರು. 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಬಂದ ಮೇಲೆ ಒಂದು ಪಾಲು ಉಂಡೆಗಳಾಗಿ ಹೊರಡುತ್ತಿತ್ತು. ಘಟ್ಟದ ರಸ್ತೆಗೆ ಉಳಿದದ್ದು ಯಂತ್ರಗಳು, ರೇಷನ್ನು, ಬಸ್ಸು, ಪಟ್ಟಣದ ಜನರ ಓಡಾಟ. 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಸಂಡೂರಿನ ಸುತ್ತ ಅದಿರಿನ ಲಾರಿಗಳ ಸಾಲು ಏನು ಮಾಡಿತು ಎಂಬುದನ್ನು ಕಂಡವರಿಗೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. ಅಲ್ಲಿ ಕೆಂಪು ದೂಳು ರಸ್ತೆಯನ್ನು, ಬೆಳೆಯನ್ನು, ಮನೆಯ ಗೋಡೆಯನ್ನು ಹೊದ್ದುಕೊಂಡಿತು. ಗಣಿ ಏನೆಂದು ಯಾರೂ ಯಾರಿಗೂ ತೋರಿಸಿಕೊಡಬೇಕಾಗಿರಲಿಲ್ಲ. ಕುದುರೆಮುಖದಲ್ಲಿ ಗಣಿ ತನ್ನ ಭಾರವನ್ನು ಕಣ್ಣಿಗೆ ಬೀಳದಂತೆ ಸಾಗಿಸಿತು. ಹಾಗಾಗಿ ಗಣಿ ನಡೆಯುತ್ತಿದ್ದ ವರ್ಷಗಳಲ್ಲಿಯೂ ಈ ರಸ್ತೆ ಚೆಲುವಾಗಿಯೇ ಇತ್ತು. ಕಿಟಕಿಯಿಂದ ಕಾಣುವ ನೋಟವೊಂದನ್ನೇ ನಂಬಿ ಬೆಟ್ಟ ಸುಖವಾಗಿದೆ ಎಂದು ತೀರ್ಮಾನಿಸಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಕಣ್ಣಿಗೆ ಬೀಳದ ಭಾರ ಎಲ್ಲಿಗೆ ಹೋಯಿತು? ಕಡಿಮೆ ಅಂಶದ ಅದಿರನ್ನು ಸಂಸ್ಕರಿಸಿದಾಗ ಕೈಗೆ ಸಿಗುವ ಸಾಂದ್ರಕ್ಕಿಂತ ಹೊರಗೆ ಹಾಕುವ ಪುಡಿಯೇ ಹೆಚ್ಚು. ಆ ಪುಡಿಯನ್ನು ಹಿಡಿದಿಡಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಲಾಯಿತು. ಒಂದು ಕಾಲದ ಕಾಡಿನ ಕಣಿವೆ ಅದಿರಿನ ಹೂಳಿನಡಿ ಸೇರಿತು. ಹೂಳೆಲ್ಲ ಅಲ್ಲಿಯೇ ನಿಲ್ಲಲೂ ಇಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ನೆಲವಿದು. ಹುಲ್ಲಿನ ಬೇರು ಬಿಗಿದಿಟ್ಟ ಮೇಲ್ಮಣ್ಣನ್ನು ತೆಗೆದು ಬೆಟ್ಟದ ಮೈಯನ್ನು ತೆರೆದಿಟ್ಟರೆ, ಒಂದು ಮುಂಗಾರಿನಲ್ಲಿ ಎಷ್ಟು ಮಣ್ಣು ಹೊಳೆ ಸೇರುತ್ತದೆಂದು ಊಹಿಸುವುದು ಕಷ್ಟವಲ್ಲ. ಊಹೆಗೆ ಬಿಡಬೇಕಾಗಿಯೂ ಇಲ್ಲ. ಮಳೆಗಾಲದ ಭದ್ರೆಯ ನೀರನ್ನು ಅಳೆದ ಸಂಶೋಧಕರು, ಜಲಾನಯನದ ಸಣ್ಣ ಪಾಲಷ್ಟೇ ಆಗಿದ್ದ ಗಣಿ ಪ್ರದೇಶದಿಂದ ಅದರ ವಿಸ್ತಾರಕ್ಕೆ ಯಾವ ಅಳತೆಯಲ್ಲೂ ಹೊಂದದಷ್ಟು ಹೂಳು ಬರುತ್ತಿದೆ ಎಂದು ತೋರಿಸಿದರು. ಭದ್ರೆ ಕುದುರೆಮುಖದ ಪ್ರವಾಸಿಗರಿಗಾಗಿ ಹರಿಯುವ ನದಿಯಲ್ಲ. ಕೆಳಗೆ ಲಕ್ಕವಳ್ಳಿಯಲ್ಲಿ ಅದಕ್ಕೆ ಕಟ್ಟಿದ ಜಲಾಶಯ ಶಿವಮೊಗ್ಗ, ದಾವಣಗೆರೆ ಸೀಮೆಯ ಗದ್ದೆ ತೋಟಗಳಿಗೆ ನೀರು ಕೊಡುತ್ತದೆ. ಗಂಗಾಮೂಲದ ಸುತ್ತ ಅಗೆಯುವ ಪ್ರಶ್ನೆ ಬಯಲುಸೀಮೆಯ ಅಂಚಿನ ರೈತರಿಗೂ ಸೇರಿದ್ದು ಹೀಗೆ.

ಈ ನಡುವೆ ಇನ್ನೊಂದು ಜ್ಞಾನ ಬೆಳೆಯುತ್ತಿತ್ತು. 1980ರ ದಶಕದ ನಡುವೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆ, ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಸಿಗದ ಸಿಂಗಳೀಕಗಳಿಗೆ ಈ ಮಳೆಕಾಡು ಎಷ್ಟು ಮುಖ್ಯ ಎಂಬುದನ್ನು ಮುಂದಿಟ್ಟಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಹೀಗೆ ಒಂದೇ ಬೆಟ್ಟಸಾಲಿನಲ್ಲಿ ಸರ್ಕಾರದ ಎರಡು ಕೈಗಳು ಎರಡು ಕೆಲಸ ಮಾಡತೊಡಗಿದವು: ಒಂದು ಕಾಯುತ್ತಿತ್ತು, ಇನ್ನೊಂದು ಅಗೆಯುತ್ತಿತ್ತು. 1969ರಲ್ಲಿ ಕೊಟ್ಟಿದ್ದ ಮೂವತ್ತು ವರ್ಷಗಳ ಗಣಿ ಗುತ್ತಿಗೆ 1999ಕ್ಕೆ ಮುಗಿದಾಗ ಈ ಇಬ್ಬಂದಿ ಬಯಲಿಗೆ ಬಂತು. ಕಂಪನಿ ನವೀಕರಣ ಕೇಳಿತು. ತಾತ್ಕಾಲಿಕ ಪರವಾನಗಿಗಳ ಮೇಲೆ ಕೆಲಸ ನಡೆಯಿತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗಣಿಗೆ ವಿರೋಧ ಬಲವಾಯಿತು. ರೈತರು, ಲೇಖಕರು, ವಿದ್ಯಾರ್ಥಿಗಳು, ವನ್ಯಜೀವಿ ಸಂರಕ್ಷಕರು ಬೇರೆ ಬೇರೆ ಕಾರಣಗಳಿಂದ ಒಂದೇ ಬೇಡಿಕೆಗೆ ಬಂದರು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೊರೆಹೋದರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪು, ಆಗಲೇ ಅಗೆದಿದ್ದ ಜಾಗದಲ್ಲಿ ಮಾತ್ರ, ಅದೂ 2005ರ ಕೊನೆಯವರೆಗೆ ಮಾತ್ರ ಗಣಿಗಾರಿಕೆಗೆ ಅವಕಾಶ ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅದಿರು ಮುಗಿದು ನಿಂತದ್ದಲ್ಲ. ಲಾಭ ಬತ್ತಿ ನಿಂತದ್ದೂ ಅಲ್ಲ. ಸರ್ಕಾರದ್ದೇ ಒಡೆತನದ, ದುಡಿಯುತ್ತಿದ್ದ ಉದ್ಯಮವನ್ನು ನದಿ ಮತ್ತು ಕಾಡಿಗಾಗಿ ನಿಲ್ಲಿಸಲಾಯಿತು. ನಮ್ಮ ದೇಶದಲ್ಲಿ ಹೀಗಾದದ್ದು ಅಪರೂಪ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಇಂದು ಘಟ್ಟ ಏರುವ ಕಾರಿನಿಂದ ಕಾಣುವ ಹಸಿರಿನ ಹಿಂದೆ ಈ ದಿನಾಂಕಗಳಿವೆ.

ಸುತ್ತಾಡಲು ಬಂದವರಿಗೆ ಇತಿಹಾಸವೇಕೆ?

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಸರಳವಾದದ್ದು. ವಾರವಿಡೀ ದುಡಿದು ದಣಿದವರು ಎರಡು ದಿನ ಮಂಜು, ಮಳೆ, ಹಸಿರು ಕಂಡು ಹಗುರಾಗಲು ಬರುತ್ತಾರೆ. ಅವರ ತಲೆಗೆ ಗಣಿಯ ಇತಿಹಾಸ ತುಂಬುವುದೇಕೆ? ದಣಿವಾರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಅದನ್ನು ಕೀಳಾಗಿ ಕಾಣಬಾರದು. ಆದರೆ ತಿಳಿವಳಿಕೆ ಸಂತೋಷವನ್ನು ಕುಗ್ಗಿಸುತ್ತದೆ ಎಂಬ ಎಣಿಕೆ ತಪ್ಪು. ಹಂಪಿಗೆ ಹೋದವರು ವಿಜಯನಗರದ ಕಥೆ ಕೇಳದೆ ಬರಿಯ ಬಂಡೆ ನೋಡಿ ಬರಲಿ ಎಂದು ಯಾರೂ ಹೇಳುವುದಿಲ್ಲ. ಬೆಟ್ಟಕ್ಕೂ ಅದೇ ಮಾತು ಸಲ್ಲುತ್ತದೆ. ಇನ್ನೂ ಮುಖ್ಯವಾದ ಕಾರಣ ನಡವಳಿಕೆಗೆ ಸೇರಿದ್ದು. ಉದ್ಯಾನದ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಚೀಟಿ ಕೊಟ್ಟು, ಇಂತಿಷ್ಟು ಹೊತ್ತಿನಲ್ಲಿ ಆಚೆ ಗೇಟು ದಾಟಬೇಕು, ನಡುವೆ ಕಂಡಲ್ಲಿ ನಿಲ್ಲಿಸಬಾರದು ಎಂದು ಹೇಳಿದಾಗ ಅನೇಕರಿಗೆ ಅದು ಅಧಿಕಾರಿಗಳ ಕಿರುಕುಳದಂತೆ ತೋರುತ್ತದೆ. ಈ ನೆಲ ಹೇಗೆ ಉಳಿಯಿತು, ಉಳಿಸಲು ಏನೇನು ಬಿಡಬೇಕಾಯಿತು ಎಂದು ತಿಳಿದವರಿಗೆ ಅದೇ ನಿಯಮದ ಅರ್ಥ ಬೇರೆ. ಕಾರ್ಖಾನೆಯೊಂದು ಕೋಟಿಗಟ್ಟಲೆ ಆದಾಯ ಬಿಟ್ಟು ಹೊರನಡೆದ ಕಾಡಿನಲ್ಲಿ ಬಾಟಲಿ ಎಸೆಯದಿರುವುದು, ಹುಲ್ಲಿನ ಮೇಲೆ ಗಾಡಿ ಹತ್ತಿಸದಿರುವುದು ಬಹಳ ಸಣ್ಣ ತ್ಯಾಗ. ಬೋರ್ಡು ಹಾಕಿ ಬೆದರಿಸುವುದಕ್ಕಿಂತ ಕಾರಣ ಹೇಳಿ ಒಪ್ಪಿಸುವುದು ಹೆಚ್ಚು ಬಾಳುತ್ತದೆ.

ಎರಡನೆಯ ಆಕ್ಷೇಪ ಪರಿಸರ ಹೋರಾಟದ ಕಡೆಯಿಂದಲೇ ಬರಬಹುದು. ಗಣಿ ಪಟ್ಟಣವನ್ನು ನೆನಪಾಗಿ ಉಳಿಸುವುದೆಂದರೆ ಗಣಿಯನ್ನು ಕೊಂಡಾಡಿದಂತಾಗದೇ? ಉದ್ಯೋಗ ಹೋಯಿತು, ಅಭಿವೃದ್ಧಿ ನಿಂತಿತು ಎಂಬ ಕೊರಗಿಗೆ ಅದು ವೇದಿಕೆಯಾಗಿ, ಮತ್ತೆ ಅಗೆಯುವ ಮಾತಿಗೆ ದಾರಿಯಾಗದೇ? ಈ ಭಯಕ್ಕೆ ಆಧಾರವಿಲ್ಲವೆನ್ನಲಾಗದು. ಆದರೆ ಮರೆವು ಗಣಿಯನ್ನು ದೂರವಿಡುವುದಿಲ್ಲ. ಹಾನಿಯನ್ನು ಕಂಡ ತಲೆಮಾರು ಸರಿದ ಮೇಲೆ ಲಾಭದ ಅಂಕಿಗಳು ಮಾತ್ರ ಕಡತದಲ್ಲಿ ಉಳಿಯುತ್ತವೆ. ಅಲ್ಲಿ ಹೇಳಬೇಕಾದದ್ದು ಇಡೀ ಕಥೆ. ದೇಶದ ಮೂಲೆಮೂಲೆಯಿಂದ ಬಂದು ಮಳೆಯಲ್ಲಿ, ಮಂಜಿನಲ್ಲಿ ದುಡಿದ ಕಾರ್ಮಿಕರು, ಅಲ್ಲಿನ ಶಾಲೆಯಲ್ಲಿ ಓದಿ ಬೆಳೆದ ಮಕ್ಕಳು ತಪ್ಪಿತಸ್ಥರಲ್ಲ. ಗಣಿ ನಿಂತಾಗ ಅವರ ಊರೇ ಅವರ ಕೈ ತಪ್ಪಿತು. ಗಣಿಗೆ ಮುಂಚಿನಿಂದಲೂ ಈ ಕಾಡುಗಳಲ್ಲಿ ಬದುಕುತ್ತಿದ್ದ ಮಲೆಕುಡಿಯರು, ಸಣ್ಣ ಹಿಡುವಳಿಯ ರೈತರು ಮೊದಲು ಗಣಿಯನ್ನು, ಆಮೇಲೆ ಉದ್ಯಾನದ ಕಾನೂನನ್ನು, ಒಕ್ಕಲೆಬ್ಬಿಸುವ ಆತಂಕವನ್ನು ಎದುರಿಸಿದರು. ಬೆಟ್ಟವನ್ನೇ ಕರಗಿಸುವ ಯಂತ್ರಕ್ಕೆ ವರ್ಷಗಟ್ಟಲೆ ಅನುಮತಿ ಸಿಕ್ಕ ಜಾಗದಲ್ಲಿ ಸೌದೆ, ಸೊಪ್ಪಿಗೆ ಕಾಡಿಗೆ ಹೋಗುವವರನ್ನು ಪ್ರಶ್ನಿಸಲಾಯಿತು ಎಂಬ ಅವರ ನೋವು ನಿಜವಾದದ್ದು. ಇವರೆಲ್ಲರ ಮಾತಿಗೆ ಜಾಗವಿರುವ ನೆನಪು ಗಣಿಯ ಜಾಹೀರಾತಾಗಲಾರದು. ಬೆಲೆ ಯಾರು ತೆತ್ತರು ಎಂದು ಹೇಳದೆ ಗೆಲುವನ್ನಷ್ಟೇ ಹೇಳಿದರೆ ಸಂರಕ್ಷಣೆಯ ಪರವಾದ ವಾದವೇ ದುರ್ಬಲವಾಗುತ್ತದೆ.

ಮೂರನೆಯ ಆಕ್ಷೇಪವನ್ನು ಗಟ್ಟಿಯಾಗಿ ಪರಿಗಣಿಸಬೇಕು: ಕಥೆ ಹೇಳಿದಷ್ಟೂ ಜನ ಬರುತ್ತಾರೆ, ಜನ ಬಂದಷ್ಟೂ ಕಾಡು ನಲುಗುತ್ತದೆ. ಆಗುಂಬೆ, ಚಾರ್ಮಾಡಿ, ಮುಳ್ಳಯ್ಯನಗಿರಿಗಳಲ್ಲಿ ರಜಾದಿನದ ಗಾಡಿಗಳ ಸಾಲು ಕಂಡವರಾರೂ ಇದನ್ನು ತಳ್ಳಿಹಾಕುವಂತಿಲ್ಲ. ಗಣಿ ಮುಚ್ಚಿದ ಮೇಲೆ ಖಾಲಿಯಾದ ಪಟ್ಟಣವನ್ನು ಪ್ರವಾಸೋದ್ಯಮಕ್ಕೆ ಬಳಸುವ ಯೋಜನೆಗಳು ಆಗಾಗ ಕೇಳಿಬಂದಿವೆ. ಅದಕ್ಕೆ ಬಂದ ವಿರೋಧಕ್ಕೆ ಬಲವಾದ ಕಾರಣಗಳಿವೆ. ಉದ್ಯಾನದ ನಟ್ಟನಡುವೆ ರೆಸಾರ್ಟು ಕಟ್ಟಿದರೆ ಗಣಿಯನ್ನು ಕಳಿಸಿ ಇನ್ನೊಂದು ಒತ್ತಡವನ್ನು ಕರೆದುಕೊಂಡಂತೆ. ಆದರೆ ಜನ ಈಗಾಗಲೇ ಬರುತ್ತಿದ್ದಾರೆ. ಕರಾವಳಿಯಿಂದ ಕಳಸಕ್ಕೆ, ಹೊರನಾಡಿಗೆ ಹೋಗುವ ಭಕ್ತರಿಗೆ ಈ ರಸ್ತೆ ಬೇಕು. ಅದನ್ನು ಪೂರ್ತಿ ಮುಚ್ಚುವುದು ಸಾಧ್ಯವಿಲ್ಲ, ಸರಿಯೂ ಅಲ್ಲ. ಪ್ರಶ್ನೆ ಉಳಿಯುವುದು ಅವರು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ. ಹುಲ್ಲುಗಾವಲಿನ ಅಂಚಿನಲ್ಲಿ, ಜಲಪಾತದ ಬಾಯಲ್ಲಿ ನಿಲ್ಲುವ ಬದಲು ಆಗಲೇ ಕಾಂಕ್ರೀಟು ಬಿದ್ದ, ಆಗಲೇ ಕಟ್ಟಡಗಳಿರುವ ಪಟ್ಟಣದಲ್ಲಿ ಅರ್ಧ ಗಂಟೆ ನಿಂತು ಮುಂದೆ ಹೋಗಲಿ. ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡದೆ, ಹಳೆಯ ಕಟ್ಟಡವೊಂದರಲ್ಲಿ ವಸ್ತುಪ್ರದರ್ಶನ ಮಾಡಿ, ರಾತ್ರಿ ತಂಗಲು ಎಡೆಕೊಡದೆ, ದಿನಕ್ಕೆ ಬರುವ ಗಾಡಿಗಳ ಸಂಖ್ಯೆಗೆ ಮಿತಿ ಹಾಕಿ ನಡೆಸಬಹುದಾದ ಕೆಲಸವಿದು. ಅದು ಕಾಡಿನ ಮೇಲಿನ ಒತ್ತಡವನ್ನು ಹೆಚ್ಚಿಸದೆ, ಗಾಯಗೊಂಡ ನೆಲದ ಕಡೆಗೆ ತಿರುಗಿಸುತ್ತದೆ.

ಅಳಿಸಲಾಗದ ಗುರುತು

ಎಲ್ಲವನ್ನೂ ಕೆಡವಿ, ಗುರುತೇ ಉಳಿಯದಂತೆ ಕಾಡಿಗೆ ಬಿಟ್ಟುಕೊಡಿ ಎನ್ನುವವರ ಮಾತಿನಲ್ಲಿ ಅರ್ಧದಷ್ಟು ನಿಜವಿದೆ. ಬಳಕೆಯಿಲ್ಲದ ಕಟ್ಟಡಗಳಲ್ಲಿ ಹೆಚ್ಚಿನವನ್ನು ತೆಗೆಯಬಹುದು, ಅಗೆದ ಇಳಿಜಾರಿನಲ್ಲಿ ಸ್ಥಳೀಯ ಹುಲ್ಲು, ಮರಗಳನ್ನು ಮರಳಿ ತರಬೇಕು. ಆದರೆ ಲಕ್ಯಾ ಅಣೆಕಟ್ಟನ್ನು ಕೆಡವುವಂತಿಲ್ಲ. ಅದರ ಹಿಂದೆ ಕಾಲು ಶತಮಾನದ ಹೂಳು ನಿಂತಿದೆ, ಕೆಳಗೆ ಭದ್ರೆ ಹರಿಯುತ್ತಿದೆ. ಅಷ್ಟು ಮಳೆ ಬೀಳುವ ಜಾಗದಲ್ಲಿ ಆ ಕಟ್ಟೆಯನ್ನು, ಅದರ ಕೋಡಿಯನ್ನು, ನೀರಿನ ಮಟ್ಟವನ್ನು ನೋಡಿಕೊಳ್ಳುವ ಕೆಲಸ ಗಣಿ ನಿಂತಾಗ ಮುಗಿಯಲಿಲ್ಲ. ನಮ್ಮ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಇಂದಿಗೂ ಗಾಳಿ ಬೀಸಿದಾಗ ಊರಿನ ಮೇಲೆ ದೂಳು ಹಾರಿಸುತ್ತವೆ. ಗಣಿ ಮುಚ್ಚುವುದೆಂದರೆ ಗೇಟಿಗೆ ಬೀಗ ಹಾಕುವುದು ಎಂದುಕೊಂಡರೆ ಆಗುವುದು ಇದೇ. ಬೇರೆ ದಾರಿಯೂ ಇದೆ. ಜರ್ಮನಿಯ ಎಸ್ಸೆನ್ ನಗರದ ಝೋಲ್‌ವೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ನಿಂತಿತು. 2001ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಕಲ್ಲಿದ್ದಲು ತೊಳೆಯುತ್ತಿದ್ದ ಅದೇ ಕಟ್ಟಡದಲ್ಲಿ ಇಂದು ಆ ಸೀಮೆಯ ನೆಲ, ದುಡಿಮೆ, ಮಾಲಿನ್ಯಗಳ ಇತಿಹಾಸ ಹೇಳುವ ಮ್ಯೂಸಿಯಂ ಇದೆ. ಎಸ್ಸೆನ್ ನಗರ, ಕುದುರೆಮುಖ ಕಾಡು; ಅಲ್ಲಿನ ಅಳತೆಯನ್ನು ಇಲ್ಲಿಗೆ ತರಲಾಗದು. ಕಲಿಯಬೇಕಾದದ್ದು ಮುಚ್ಚಿದ ಗಣಿಯನ್ನು ಸಾರ್ವಜನಿಕರ ಕಣ್ಣೆದುರು ಇಡುವ ಮನಸ್ಸನ್ನು. ಜನರ ಕಣ್ಣಿರುವಲ್ಲಿ ಕಾವಲು ಸಡಿಲವಾಗುವುದು ಕಷ್ಟ.

ಇದು ಹಳೆಯ ಕಥೆಯ ಮೇಲಿನ ಮೋಹವಷ್ಟೇ ಎಂದುಕೊಳ್ಳುವವರು 2024ರ ಒಂದು ಬೆಳವಣಿಗೆಯನ್ನು ಗಮನಿಸಬೇಕು. ಗಣಿ ನಿಂತರೂ ಕಂಪನಿ ನಿಲ್ಲಲಿಲ್ಲ. ಮಂಗಳೂರಿನ ಪೆಲೆಟ್ ಕಾರ್ಖಾನೆಯನ್ನು ಹೊರಗಿನ ಅದಿರು ತಂದು ನಡೆಸುತ್ತ ಬಂದ ಅದು ಸಂಡೂರಿನ ದೇವದಾರಿ ಬೆಟ್ಟದಲ್ಲಿ ಹೊಸ ಗಣಿಗೆ ಮುಂದಾಯಿತು. ಕೇಂದ್ರ ಸರ್ಕಾರ ಅದರ ಪರವಾಗಿ ನಿಂತರೆ, ರಾಜ್ಯದ ಅರಣ್ಯ ಸಚಿವರು ಕುದುರೆಮುಖದ ಹಳೆಯ ಬಾಕಿಗಳನ್ನು ಎತ್ತಿಹೇಳಿ ಅರಣ್ಯ ಭೂಮಿ ಹಸ್ತಾಂತರಿಸಬಾರದೆಂದು ಸೂಚಿಸಿದರು. ದೇವದಾರಿಯ ಬಗ್ಗೆ ಯಾರ ನಿಲುವು ಏನೇ ಇರಲಿ, ಆ ಚರ್ಚೆಗೆ ಕುದುರೆಮುಖದ ಅನುಭವ ಬೇಕು: ಪರವಾನಗಿ ಕೊಡುವಾಗ ಏನು ಭರವಸೆಯಿತ್ತು, ಮುಚ್ಚುವಾಗ ಏನು ಉಳಿಯಿತು, ಹೊಳೆ ಎಷ್ಟು ಕಾಲಕ್ಕೆ ತಿಳಿಯಾಯಿತು, ಹುಲ್ಲು ಎಲ್ಲಿ ಮರಳಿತು, ಎಲ್ಲಿ ಮರಳಲಿಲ್ಲ, ಕೆಲಸ ಕಳೆದುಕೊಂಡವರು ಏನಾದರು. ಈ ಪ್ರಶ್ನೆಗಳಿಗೆ ಉತ್ತರ ಕಡತಗಳಲ್ಲಿ, ಸಂಶೋಧಕರ ಪ್ರಬಂಧಗಳಲ್ಲಿ, ಚದುರಿಹೋದ ಕಾರ್ಮಿಕರ ನೆನಪಿನಲ್ಲಿ ಹರಿದುಹಂಚಿಹೋಗಿದೆ. ಅದನ್ನು ಒಂದೆಡೆ ತಂದು, ಕನ್ನಡದಲ್ಲಿ, ಸಾಮಾನ್ಯ ಜನರಿಗೆ ಎಟುಕುವಂತೆ ಇಡಬೇಕಾದ ಜಾಗ ಯಾವುದೆಂದರೆ, ಅದು ನಡೆದ ಜಾಗವೇ.

ಆಗಬೇಕಾದ ಕೆಲಸ ದೊಡ್ಡದಲ್ಲ. ಅರಣ್ಯ ಇಲಾಖೆ ಮತ್ತು ಕಂಪನಿ ಕೂಡಿ ಪಟ್ಟಣದ ಒಂದು ಕಟ್ಟಡವನ್ನು ಉಳಿಸಿಕೊಳ್ಳಲಿ. ಗಣಿಯ ನಕ್ಷೆ, ಸ್ಲರಿ ಕೊಳವೆಯ ಮಾದರಿ, ಬೆಟ್ಟದ ಮೊದಲಿನ ಮತ್ತು ಇಂದಿನ ಚಿತ್ರ, ತೀರ್ಪಿನ ಸಾರ, ಕಾರ್ಮಿಕರ ಮತ್ತು ಮಲೆಕುಡಿಯರ ಮಾತು ಅಲ್ಲಿರಲಿ. ಭದ್ರೆಯ ನೀರಿನ, ಲಕ್ಯಾ ಅಣೆಕಟ್ಟಿನ ಸ್ಥಿತಿಯ ವರದಿ ಪ್ರತಿವರ್ಷ ಅಲ್ಲಿಯೇ ಸಾರ್ವಜನಿಕವಾಗಿ ಪ್ರಕಟವಾಗಲಿ. ಚೆಕ್‌ಪೋಸ್ಟಿನಲ್ಲಿ ಕೊಡುವ ಚೀಟಿಯ ಹಿಂಬದಿಯಲ್ಲಿ ಈ ರಸ್ತೆಯ ಕಥೆ ನಾಲ್ಕು ಸಾಲಿನಲ್ಲಿ ಅಚ್ಚಾಗಲಿ. ಕರಾವಳಿ, ಮಲೆನಾಡಿನ ಶಾಲೆಗಳು ಮಕ್ಕಳನ್ನು ಜಲಪಾತ ತೋರಿಸಲು ಕರೆತರುವಾಗ ಗಣಿ ಪಟ್ಟಣವನ್ನೂ ತೋರಿಸಲಿ; ನದಿ ಎಲ್ಲಿ ಹುಟ್ಟುತ್ತದೆ ಎಂಬುದರ ಜೊತೆಗೆ ಅದನ್ನು ಉಳಿಸಿಕೊಂಡದ್ದು ಹೇಗೆ ಎಂಬುದನ್ನೂ ಮಕ್ಕಳು ಕಲಿಯಲಿ. ಕುದುರೆಮುಖವನ್ನು ಕಾದದ್ದು ಕಾಡನ್ನು ಬಲ್ಲವರ ತಿಳಿವಳಿಕೆ, ಹೋರಾಡಿದವರ ಪಟ್ಟು, ನ್ಯಾಯಾಲಯದ ದೃಢತೆ. ಇವು ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟಬೇಕಾದ ಗುಣಗಳು. ಈ ರಸ್ತೆಯನ್ನು ಏರುವವರಲ್ಲಿ ಅವು ಹುಟ್ಟುವಂತೆ ಮಾಡಿದರೆ ಮಾತ್ರ, ಮುಂದೆ ಇನ್ನೊಂದು ಬೆಟ್ಟದ ಬಗ್ಗೆ ತೀರ್ಮಾನಿಸುವ ದಿನ ಬಂದಾಗ ನಾಡು ತಿಳಿದು ಮಾತಾಡೀತು.